ಮಗುವಿನ ಬಟ್ಟೆಗೆ ದುಬಾರಿ ಲಿಕ್ವಿಡ್ಡೇ ಬೇಕೆ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಐದು ವರ್ಷದ ಮಗಳಿಗೆ ಮೊಣಕೈ ಮಡಿಕೆಯಲ್ಲಿ, ಕುತ್ತಿಗೆಯಲ್ಲಿ ತುರಿಕೆ. ಬಟ್ಟೆ ಒಗೆಯುವ ಪುಡಿ ಅವಳಿಗೆ ಆಗುವುದಿಲ್ಲವೆಂದು ಮಕ್ಕಳಿಗೆಂದೇ ಮಾರುವ ಲಿಕ್ವಿಡ್ ತರುತ್ತಿದ್ದೇವೆ. ತಿಂಗಳ ದಿನಸಿ ಲೆಕ್ಕದಲ್ಲಿ ಅದೇ ಭಾರವಾಗಿದೆ, ತುರಿಕೆಯೂ ಪೂರ್ತಿ ನಿಂತಿಲ್ಲ. ಖರ್ಚು ಕಡಿಮೆ ಮಾಡುವ ದಾರಿ ಇದೆಯೇ?

ಉತ್ತರ: ಇದೆ ತಾಯಿ. ಪುಡಿಯ ವಿಚಾರಕ್ಕೆ ಮೊದಲು ನಿಮ್ಮ ನೀರನ್ನು ನೋಡೋಣ.

ನಮ್ಮ ಕೋಲಾರದ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ವರ್ಷಗಳಾದವು. ಅಷ್ಟು ಆಳದ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳನ್ನು ಹೊತ್ತು ಬರುತ್ತದೆ. ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ಅದೇ. ಬಾರ್ ಸೋಪು ಈ ನೀರಿಗೆ ಬಿದ್ದರೆ ಲವಣದೊಂದಿಗೆ ಸೇರಿ ಜಿಗುಟಾಗಿ ಬಟ್ಟೆಯ ನೂಲಿಗೆ ಹಿಡಿಯುತ್ತದೆ. ಡಿಟರ್ಜೆಂಟ್ ಪುಡಿ ಅಷ್ಟು ಜಿಗುಟಾಗುವುದಿಲ್ಲ, ಆದರೆ ನೊರೆ ಸರಿಯಾಗಿ ಬರುವುದಿಲ್ಲ. ನೊರೆ ಕಾಣದಾಗ ನಮ್ಮ ಕೈ ತಾನಾಗಿಯೇ ಇನ್ನೊಂದು ಹಿಡಿ ಹಾಕುತ್ತದೆ. ಆ ಹಿಡಿ ಪೂರ್ತಿ ಹೋಗದೆ ಬಟ್ಟೆಯಲ್ಲೇ ಒಣಗಿ, ಮಗು ಬೆವರಿದಾಗ ಕರಗಿ ಚರ್ಮಕ್ಕೆ ತಾಗುತ್ತದೆ. ಡಿಟರ್ಜೆಂಟಿಗೆ ನಿಜವಾದ ಅಲರ್ಜಿ ಇರುವವರು ಅಪರೂಪ. ಹೆಚ್ಚಿನ ಮಕ್ಕಳನ್ನು ಕಾಡುವುದು ಹೀಗೆ ಉಳಿದುಹೋದ ಪುಡಿ, ಜೊತೆಗೆ ಅದರಲ್ಲಿರುವ ಸುಗಂಧ. ಪುಡಿ ಬಿಟ್ಟು ಲಿಕ್ವಿಡ್ ತಂದರೂ ತುರಿಕೆ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಆದ್ದರಿಂದ ಮಗುವಿನ ಏಳೆಂಟು ಬಟ್ಟೆಗೆ, ಅರ್ಧ ಬಕೆಟ್ ನೀರಿಗೆ, ಊಟದ ಚಮಚದಲ್ಲಿ ಒಂದೇ ಚಮಚ ಪುಡಿ ಹಾಕಿ. ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿದ ಮೇಲೆಯೇ ಬಟ್ಟೆ ನೆನೆಸಿ. ಕೊಳೆ ಹೋಗದಿದ್ದರೆ ಇನ್ನರ್ಧ ಚಮಚ, ಅಷ್ಟೇ. ಸುಗಂಧವಿಲ್ಲದ ಸಾಮಾನ್ಯ ಪುಡಿಯಾದರೆ ಸಾಕು. ಮೊದಲು ಚಿಕ್ಕ ಪೊಟ್ಟಣ ತಂದು ಎರಡು ವಾರ ನೋಡಿ, ಚರ್ಮ ಒಪ್ಪಿದ ಮೇಲೆ ದೊಡ್ಡ ಪ್ಯಾಕೆಟ್ ತನ್ನಿ. ಬಟ್ಟೆ ಮೃದುವಾಗಲೆಂದು ಕೊನೆಗೆ ಹಾಕುವ ಪರಿಮಳದ ದ್ರವವನ್ನು ಇವತ್ತೇ ನಿಲ್ಲಿಸಿ.

ಉಳಿದದ್ದು ಜಾಲಿಸುವ ಕೆಲಸ. ಕನಿಷ್ಠ ಮೂರು ನೀರು ಬೇಕು. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಊರಿನಲ್ಲಿ ಈ ಮಾತು ಹೇಳುವಾಗ ನನಗೇ ಸಂಕಟವಾಗುತ್ತದೆ. ಅದಕ್ಕೇ ಕೊನೆಯ ಬಾರಿ ಜಾಲಿಸಿದ ನೀರನ್ನು ಚೆಲ್ಲದೆ, ದೊಡ್ಡವರ ಬಟ್ಟೆ ನೆನೆಸಲು ಇಟ್ಟುಕೊಳ್ಳಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುವವರು ಮಗುವಿನ ಒಳಉಡುಪು, ದಿಂಬಿನ ಚೀಲಗಳನ್ನು ಕೊನೆಯ ಬಾರಿ ಆ ನೀರಿನಲ್ಲಿ ಅದ್ದಿ ತೆಗೆದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಅದು ಮೆದು ನೀರು, ಅಂದರೆ ಲವಣ ಕಡಿಮೆ ಇರುವ ನೀರು. ಮನೆಯಲ್ಲಿ ನೀರು ಶುದ್ಧ ಮಾಡುವ ಆರ್‌ಒ ಯಂತ್ರದಿಂದ ವ್ಯರ್ಥವಾಗಿ ಹೊರಬೀಳುವ ನೀರನ್ನು ಮಾತ್ರ ಮಗುವಿನ ಬಟ್ಟೆಗೆ ಹಾಕಬೇಡಿ. ಉಳಿತಾಯವೆಂದು ಬಹಳ ಜನ ಹಾಗೆ ಮಾಡುತ್ತಾರೆ. ಶುದ್ಧ ನೀರು ಬಿಟ್ಟುಹೋದ ಲವಣವೆಲ್ಲ ಅದರಲ್ಲೇ ಸೇರಿರುತ್ತದೆ, ಬೋರ್ ನೀರಿಗಿಂತ ಅದು ಇನ್ನಷ್ಟು ಗಡಸು. ನೆಲ ಒರೆಸಲು ಆಗಬಹುದು.

ಮಳೆ ಬಂದರೆ ತಾರಸಿಯ ಮೊದಲ ನೀರು ಹರಿದುಹೋಗಲು ಬಿಟ್ಟು, ಅನಂತರದ್ದನ್ನು ಒಂದು ಡ್ರಮ್ಮಿಗೆ ಹಿಡಿದು ಮುಚ್ಚಿಡಿ. ಮಳೆನೀರಿನಲ್ಲಿ ಆ ಒಂದು ಚಮಚವೂ ಹೆಚ್ಚಾಗುತ್ತದೆ.

ಅಂಟುವಾಳದ ಕಾಯಿ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಬೀಜ ತೆಗೆದು, ರಾತ್ರಿ ನೆನೆಸಿ, ಕುದಿಸಿ ಸೋಸಿದರೆ ಗಡಸು ನೀರಿನಲ್ಲೂ ಸೋಪಿನ ಜಿಗುಟಿಲ್ಲದೆ ಒಗೆಯಬಹುದು. ಕಷಾಯ ಬೇಗ ಕೆಡುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ. ಗಟ್ಟಿ ಕಲೆಗೆ ಅದರ ಶಕ್ತಿ ಸಾಲದು. ಕೆಲವರ ಚರ್ಮಕ್ಕೆ ಅದೂ ಒಗ್ಗುವುದಿಲ್ಲ, ಮೊದಲು ಒಂದೇ ಅಂಗಿಯನ್ನು ಒಗೆದು ನೋಡಿ.

ನಿಮ್ಮ ಬಟ್ಟೆಯಲ್ಲಿ ಪುಡಿ ಉಳಿದಿದೆಯೇ ಎಂದು ಇವತ್ತೇ ಪರೀಕ್ಷಿಸಬಹುದು. ಒಗೆದು ಒಣಗಿಸಿದ ಮಗುವಿನ ಟವೆಲ್ಲನ್ನು ಬರೀ ನೀರಿನ ಬಕೆಟ್ಟಿನಲ್ಲಿ ಅದ್ದಿ, ಚೆನ್ನಾಗಿ ಕಿವುಚಿ. ನೊರೆ ಎದ್ದರೆ ಅದು ಉಳಿದ ಪುಡಿ. ನೊರೆಯೇ ಇಲ್ಲದೆ, ಈ ಕ್ರಮದಲ್ಲಿ ಮೂರು ನಾಲ್ಕು ವಾರ ಒಗೆದ ಮೇಲೂ ಮಗು ರಾತ್ರಿ ತುರಿಸಿಕೊಂಡು ಏಳುತ್ತಿದ್ದರೆ ಅದು ಇಸುಬು ಇರಬಹುದು, ಚರ್ಮದ ವೈದ್ಯರಿಗೆ ತೋರಿಸಿ. ಗಾಯದಿಂದ ರಸ ಸೋರುತ್ತಿದ್ದರೆ ಅಷ್ಟು ದಿನ ಕಾಯದೆ ಈಗಲೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.