ಕಾರಾಪುರದ ದಂಡೆಯಲ್ಲಿ: ಬೇಟೆ ಬಂಗಲೆ ವಸತಿಧಾಮವಾದ ಬಗೆ

ಏಪ್ರಿಲ್ ತಿಂಗಳ ಸಂಜೆ ಕಬಿನಿ ಹಿನ್ನೀರಿಗೆ ಆನೆಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಮರಿಗಳನ್ನು ನಡುವೆ ಬಿಟ್ಟುಕೊಂಡು ಹಸಿರು ಮೇಯುವ ಅವುಗಳನ್ನು ನೋಡಲೆಂದೇ ಜನ ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರಕ್ಕೆ ಬರುತ್ತಾರೆ. ಅಲ್ಲಿನ ‘ಕಬಿನಿ ರಿವರ್ ಲಾಡ್ಜ್’ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಹೆಸರಾಂತ ವಸತಿಧಾಮ. ಅಲ್ಲಿ ಉಳಿಯುವವರು ಈ ದಂಡೆಯ ಹಿಂದಿನ ಕಥೆಯನ್ನೂ ತಿಳಿದಿರಬೇಕು ಎಂಬುದು ನನ್ನ ಆಸೆ.

ಇದು ಮೈಸೂರು ಅರಸರ ಬೇಟೆಯ ನೆಲ. ಅರಸರು ಮತ್ತು ಅವರ ಬ್ರಿಟಿಷ್ ಅತಿಥಿಗಳು ತಂಗುತ್ತಿದ್ದ ಹಳೆಯ ಬಂಗಲೆಗಳು ಇಂದಿಗೂ ವಸತಿಧಾಮದ ಆವರಣದಲ್ಲಿವೆ. ಆದರೆ ಈ ಸೀಮೆಯನ್ನು ದೂರದೇಶಗಳಿಗೆ ಪರಿಚಯಿಸಿದ್ದು ಕಾಕನಕೋಟೆಯ ಖೆಡ್ಡಾ. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯಲ್ಲಿ ಆನೆಗಳನ್ನು ಹಿಂಡುಗಟ್ಟಲೆ ಹಿಡಿಯುವ ಈ ಪದ್ಧತಿಗೆ ಕೈಹಾಕಿದ. ತಮಟೆ ಬಡಿದು, ಪಂಜು ಹಿಡಿದು, ನೂರಾರು ಜನ ಕಾಡಾನೆಗಳನ್ನು ಅಟ್ಟುತ್ತಿದ್ದರು. ಕಾಕನಕೋಟೆಯಲ್ಲಿ ಅವುಗಳನ್ನು ಹೊಳೆ ದಾಟಿಸಿ, ದಪ್ಪ ದಿಮ್ಮಿಗಳ ಆವರಣಕ್ಕೆ ನೂಕಲಾಗುತ್ತಿತ್ತು. ವೈಸರಾಯ್‌ಗಳು ಕುಳಿತು ನೋಡಿದ ಈ ವೈಭವದ ಭಾರವನ್ನೆಲ್ಲ ಹೊತ್ತವರು ಮಾವುತರು, ಕಾವಾಡಿಗಳು ಮತ್ತು ಕಾಡಿನ ಒಳಹೊರಗು ಬಲ್ಲ ಕುರುಬರು. ಇದೇ ಕಾರಾಪುರದ ಮಾವುತನೊಬ್ಬನ ಮಗ ಸಾಬು 1930ರ ದಶಕದಲ್ಲಿ ಬ್ರಿಟಿಷ್ ಸಿನಿಮಾಕ್ಕೆ, ಮುಂದೆ ಹಾಲಿವುಡ್‌ಗೆ ಹೋಗಿ ಜಗತ್ಪ್ರಸಿದ್ಧನಾದ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೀಚನಹಳ್ಳಿ ಬಳಿಯ ಕಬಿನಿ ಅಣೆಕಟ್ಟು ಮುಗಿದಾಗ ಖೆಡ್ಡಾ ನಡೆದ ಬಯಲು, ದಟ್ಟ ಕಾಡು, ಊರುಗಳು, ಗಿರಿಜನರ ಹಾಡಿಗಳು ನೀರಿನಡಿ ಸೇರಿದವು. ಕಾಲುವೆಯ ನೀರು ದೂರದ ಗದ್ದೆಗಳನ್ನು ಹಸಿರಾಗಿಸಿತು. ಹೊಲ, ಮನೆ, ದೇವರ ಕಲ್ಲು ಎಲ್ಲವನ್ನೂ ಬಿಟ್ಟು ಹೊರಟವರ ಬದುಕು ಅಷ್ಟು ಬೇಗ ಚಿಗುರಲಿಲ್ಲ.

ಇಂದು ಪ್ರವಾಸಿಗರು ಬೆರಗಾಗಿ ನೋಡುವ ಆನೆಗಳ ಜಾತ್ರೆಯೂ ಆ ಮುಳುಗಡೆಯಿಂದಲೇ ಹುಟ್ಟಿದ್ದು. ವಯನಾಡಿನಲ್ಲಿ ಮುಂಗಾರು ಹಿಡಿದರೆ 2,284 ಅಡಿ ಗರಿಷ್ಠ ಮಟ್ಟದ ಜಲಾಶಯ ತುಂಬಿ ನಿಲ್ಲುತ್ತದೆ. ಬೇಸಿಗೆಯ ಹೊತ್ತಿಗೆ ನೀರು ಹಿಂದೆ ಸರಿಯುತ್ತದೆ, ತೇವವಿರುವ ಮೆಕ್ಕಲಿನ ಮೇಲೆ ಎಳೆಹುಲ್ಲು ಏಳುತ್ತದೆ. ಸುತ್ತಲ ಕಾಡು ಒಣಗಿರುವ ಆ ದಿನಗಳಲ್ಲಿ ನೀರು, ಮೇವು ಎರಡೂ ಒಂದೇ ಕಡೆ ಸಿಗುವುದರಿಂದ ಉತ್ತರದ ನಾಗರಹೊಳೆ, ದಕ್ಷಿಣದ ಬಂಡೀಪುರ, ಪಶ್ಚಿಮದ ವಯನಾಡಿನ ಆನೆಗಳು ಇಲ್ಲಿ ಕೂಡುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗಗಳು ಬಹಳ ಕಡಿಮೆ.

ಜಂಗಲ್ ಲಾಡ್ಜಸ್ ಸ್ಥಾಪನೆಯಾದದ್ದು 1980ರಲ್ಲಿ, ಗುಂಡೂರಾವ್ ಮುಖ್ಯಮಂತ್ರಿಯಾದ ವರ್ಷ. ನೇಪಾಳದಲ್ಲಿ ಕಾಡಿನ ವಸತಿಧಾಮ ನಡೆಸುತ್ತಿದ್ದ ಟೈಗರ್ ಟಾಪ್ಸ್ ಸಂಸ್ಥೆ ಮೊದಲು ಪಾಲುದಾರನಾಗಿತ್ತು. ಆಮೇಲೆ ಸಂಸ್ಥೆ ಪೂರ್ತಿಯಾಗಿ ಸರ್ಕಾರದ್ದಾಯಿತು. ಕಾರಾಪುರಕ್ಕೆ ಬಂದ ಕರ್ನಲ್ ಜಾನ್ ವೇಕ್‌ಫೀಲ್ಡ್ ಈ ತಾಣಕ್ಕೆ ರೂಪ ಕೊಟ್ಟರು. ಗಯಾದಲ್ಲಿ 1916ರಲ್ಲಿ ಹುಟ್ಟಿದ ಅವರು ಒಂದು ಕಾಲದ ಬೇಟೆಗಾರ. ಬಂದೂಕು ಕೆಳಗಿಟ್ಟು, ಕಾಡನ್ನು ಕಣ್ಣಿನಿಂದ ನೋಡುವುದನ್ನು ಕಲಿಸುತ್ತ ಎಲ್ಲರಿಗೂ ‘ಪಾಪಾ’ ಆದರು. 2010ರಲ್ಲಿ ಕಬಿನಿಯಲ್ಲೇ ಕಣ್ಣುಮುಚ್ಚಿದರು. ಬೇಟೆ ಬಂಗಲೆಯ ನೆಲಕ್ಕೆ ಇದಕ್ಕಿಂತ ಒಪ್ಪುವ ಹಿರಿಯ ಸಿಗುತ್ತಿರಲಿಲ್ಲ.

ಸೌಕರ್ಯದ ಮಾತು ಹೇಳುವುದಾದರೆ, ಕುಟೀರಗಳಿವೆ, ಡೇರೆಗಳಿವೆ, ಹಳೆಯ ಬಂಗಲೆಯಲ್ಲಿ ಕೋಣೆಗಳಿವೆ. ಊಟ, ಸಫಾರಿ ಎರಡೂ ಬಾಡಿಗೆಯಲ್ಲೇ ಸೇರಿರುವುದು ವಾಡಿಕೆ. ನದಿಗೆ ಮುಖಮಾಡಿದ, ಸುತ್ತಲೂ ತೆರೆದ ‘ಗೋಲ್ ಘರ್’ನಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಸಫಾರಿ ನಡೆಯುವ ದಿನಗಳಲ್ಲಿ ಬೆಳಿಗ್ಗೆ ಮತ್ತು ಮಧ್ಯಾಹ್ನ ಜೀಪು, ದೋಣಿ ಹೊರಡುತ್ತವೆ. ನನಗೆ ದೋಣಿಯೇ ಇಷ್ಟ. ಮುಳುಗಿದ ಕಾಡಿನ ಒಣ ಬೊಡ್ಡೆಗಳು ಇನ್ನೂ ನೀರಿನಿಂದ ಮೇಲೆದ್ದು ನಿಂತಿವೆ. ನೀರುಕಾಗೆಗಳು ಅವುಗಳ ಮೇಲೆ ರೆಕ್ಕೆ ಬಿಚ್ಚಿ ಕೂತಿರುತ್ತವೆ. ಅಣೆಕಟ್ಟಿಗಿಂತ ಮೊದಲಿನ ಕಾಡಿಗೆ ಅವು ಕಣ್ಣೆದುರಿನ ಸಾಕ್ಷಿ.

ಇಷ್ಟೆಲ್ಲ ಇದ್ದೂ ದಂಡೆಯಾಚೆಯ ಊರುಗಳ ಸಂಕಟ ಮುಗಿದಿಲ್ಲ. ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ, 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ಹಚ್ಚಲು ಹೇಳಿತು. ಜೀಪುಗಳ ಓಡಾಟದಿಂದಲೇ ಹುಲಿ ಊರಿಗೆ ಬರುತ್ತದೆ ಎಂಬುದು ಅನೇಕ ರೈತರ ದೂರು. ಅದನ್ನು ತಜ್ಞರು ಪರೀಕ್ಷಿಸಲಿ. ಆದರೆ ಕಾಡಂಚಿನಲ್ಲಿ ರಾತ್ರಿಯಿಡೀ ಬೆಳೆ ಕಾಯುವ ರೈತನಿಗೂ, ಹಾಡಿ ಕಳೆದುಕೊಂಡ ಜೇನುಕುರುಬರ ಮಕ್ಕಳಿಗೂ ಈ ದಂಡೆಯ ಗಳಿಕೆಯಲ್ಲಿ ಮೊದಲ ಪಾಲು ಸಿಗಬೇಕು. ಅವರು ಬಿಟ್ಟುಕೊಟ್ಟ ನೆಲದ ಮೇಲೆಯೇ ಇಂದು ಆನೆಗಳು ಮೇಯುತ್ತಿವೆ.