ತೀರಿಹೋದವರಿಗಾಗಿ ಬೇಡಬಹುದೇ? ಕ್ರೈಸ್ತರ ಮನೆಯ ಹಳೇ ಪ್ರಶ್ನೆ

ತೀರಿಹೋದವರನ್ನು ನೆನೆಯುವ ನವೆಂಬರ್ 2ರಂದು ಮಂಗಳೂರು ಕಡೆಯ ಕ್ಯಾಥೊಲಿಕ್ ಚರ್ಚಿನ ಸ್ಮಶಾನಕ್ಕೆ ಹೋಗಿ ನೋಡಿ. ಸಮಾಧಿ ತೊಳೆದು, ಹೂ ಇಟ್ಟು, ಮೇಣದಬತ್ತಿ ಹಚ್ಚಿ ಮನೆಮಂದಿ ನಿಂತಿರುತ್ತಾರೆ. ಪಾದ್ರಿಗಳು ತೀರ್ಥ ಚಿಮುಕಿಸುತ್ತಾ ಬರುತ್ತಾರೆ. ಅದೇ ಊರಿನ ಪ್ರಾಟೆಸ್ಟೆಂಟ್ ಮನೆಯಲ್ಲೂ ಅಪ್ಪ ತೀರಿಕೊಂಡ ದಿನಕ್ಕೆ ಸಭಾಪಾಲಕರು ಬಂದು ಪ್ರಾರ್ಥಿಸುತ್ತಾರೆ. ಆದರೆ ಕಿವಿಗೊಟ್ಟು ಕೇಳಿದರೆ ಮಾತು ಬೇರೆ. ಅಪ್ಪನ ಬದುಕಿಗಾಗಿ ದೇವರಿಗೆ ಸ್ತೋತ್ರ, ಉಳಿದವರಿಗೆ ಸಮಾಧಾನ ಕೊಡು ಎಂಬ ಬೇಡಿಕೆ. ಅಪ್ಪನಿಗಾಗಿ ಮಾತ್ರ ಏನೂ ಬೇಡುವುದಿಲ್ಲ. ಅತ್ತೆಯದು ಒಂದು ಚರ್ಚು, ಸೊಸೆಯ ತವರಿನದು ಇನ್ನೊಂದು ಆದಾಗ ಈ ಪ್ರಶ್ನೆ ಊಟದ ಮೇಜಿಗೇ ಬರುತ್ತದೆ.

ಇದರ ಬೇರು ಕ್ರಿಸ್ತನಿಗಿಂತಲೂ ಹಳೆಯದು. ಯುದ್ಧದಲ್ಲಿ ಮಡಿದ ತನ್ನವರ ಪಾಪಪರಿಹಾರಕ್ಕೆಂದು ಯೆಹೂದ್ಯರ ದಂಡನಾಯಕ ಯೂದ ಮಕ್ಕಬಿಯ ಜೆರುಸಲೇಮಿಗೆ ಎರಡು ಸಾವಿರ ಬೆಳ್ಳಿ ನಾಣ್ಯ ಕಳಿಸಿದ ಕಥೆ ಮಕ್ಕಬಿಯರ ಎರಡನೇ ಪುಸ್ತಕದಲ್ಲಿದೆ. ಕ್ಯಾಥೊಲಿಕರ 73 ಪುಸ್ತಕಗಳ ಬೈಬಲಿನಲ್ಲಿ ಅದು ಸಿಗುತ್ತದೆ, ಪ್ರಾಟೆಸ್ಟೆಂಟರ 66ರಲ್ಲಿ ಇಲ್ಲ. ಅರ್ಧ ಜಗಳ ಅಲ್ಲೇ ಇದೆ ಅನ್ನಿ.

387ರಲ್ಲಿ ರೋಮಿನ ಬಳಿಯ ಓಸ್ಟಿಯಾದಲ್ಲಿ ಮೋನಿಕಾ ಸಾಯುವಾಗ ಮುಂದೆ ಸಂತನೆನಿಸಿದ ಮಗ ಅಗಸ್ಟೀನನಿಗೆ ಹೇಳಿದ್ದು ಇಷ್ಟೇ: ನನ್ನನ್ನು ಎಲ್ಲಿ ಬೇಕಾದರೂ ಹೂಳಿ, ಬಲಿಪೀಠದ ಮುಂದೆ ನೆನೆಸಿಕೊಳ್ಳಿ. ಹತ್ತನೇ ಶತಮಾನದ ಕೊನೆಗೆ ಫ್ರಾನ್ಸಿನ ಕ್ಲೂನಿ ಮಠದ ಓಡಿಲೋ ಈ ನೆನಪಿಗೆ ನವೆಂಬರ್ 2 ಎಂಬ ದಿನ ಗೊತ್ತುಮಾಡಿದ. ಮುಂದಿನ ಐನೂರು ವರ್ಷಗಳಲ್ಲಿ ನೆನಪಿನ ಜೊತೆ ಲೆಕ್ಕಾಚಾರವೂ ಸೇರಿತು. ಶುದ್ಧೀಕರಣ ಸ್ಥಳದಲ್ಲಿ, ಅಂದರೆ ಸ್ವರ್ಗಕ್ಕೆ ಮುನ್ನ ಆತ್ಮ ಶುದ್ಧವಾಗುವ ಕಡೆ, ಇರುವ ಆತ್ಮದ ಶಿಕ್ಷೆ ತಗ್ಗಿಸುವ ದಂಡವಿಮೋಚನೆ ಪತ್ರಗಳು ಹಣಕ್ಕೆ ಸಿಗತೊಡಗಿದವು. 1517ರಲ್ಲಿ ಜರ್ಮನಿಯ ಪಾದ್ರಿ ಲೂಥರ್ ಪ್ರಶ್ನೆ ಎತ್ತಿದ್ದು ಈ ವ್ಯಾಪಾರದ ಬಗ್ಗೆ. ಆದರೆ ಸಿಟ್ಟು ಅಲ್ಲಿಗೇ ನಿಲ್ಲಲಿಲ್ಲ. 1552ರ ಹೊತ್ತಿಗೆ ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕದಿಂದ ಸತ್ತವರಿಗಾಗಿ ಬೇಡುವ ಸಾಲುಗಳೇ ಹೋದವು. 1563ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ, ಈ ಪ್ರಾರ್ಥನೆ ಸರಿ, ಅದರ ಹೆಸರಲ್ಲಿ ಲಾಭ ಮಾಡುವುದು ತಪ್ಪು ಎಂದಿತು. ಅಷ್ಟರಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎಂದು ಮನೆ ಒಡೆದಾಗಿತ್ತು.

ಮತ್ತೆ ಮೊದಲ ಮಹಾಯುದ್ಧ. ಮಕ್ಕಳ ಹೆಣ ಕೂಡ ಮನೆಗೆ ಬರಲಿಲ್ಲ. 1915ರಲ್ಲಿ ಪೋಪ್ 15ನೇ ಬೆನೆಡಿಕ್ಟ್, ನವೆಂಬರ್ 2ರಂದು ಪ್ರತಿ ಪಾದ್ರಿಯೂ ಮೂರು ಬಲಿಪೂಜೆ (ಮಾಸ್) ಅರ್ಪಿಸಬಹುದು ಎಂದರು. ಇಂಗ್ಲೆಂಡಿನ ಚರ್ಚಿನಲ್ಲೂ ಸತ್ತ ಸೈನಿಕರಿಗಾಗಿ ಬೇಡುವ ಪ್ರಾರ್ಥನೆ ಬಹಿರಂಗವಾಗಿ ವಾಪಸ್ ಬಂತು. ತಾಯಂದಿರ ಬಾಯಿ ಮುಚ್ಚಿಸಲು ಯಾವ ಸಿದ್ಧಾಂತಕ್ಕೆ ಆಗುತ್ತದೆ, ಅಲ್ವಾ?

ನಮ್ಮ ಕರಾವಳಿಗೆ ಎರಡೂ ಧಾರೆ ಬಂದಿವೆ. ಗೋವಾ ಕಡೆಯಿಂದ ಬಂದ ಕೊಂಕಣಿ ಕ್ಯಾಥೊಲಿಕರು ಹಳೇ ಪದ್ಧತಿ ತಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಪ್ರಾಟೆಸ್ಟೆಂಟ್ ಸುಧಾರಣೆಯ ಪಾಠ ತಂದರು. (ಹೆಂಚು, ಕಿಟ್ಟೆಲ್ ನಿಘಂಟು ಕೂಡ ಅವರ ಕಡೆಯಿಂದಲೇ.)

ಕೊಂಕಣಿ ಮನೆಗಳಲ್ಲಿ ಇದು ನವೆಂಬರಿನ ಮಾತಷ್ಟೇ ಅಲ್ಲ. ದಿನಾ ಸಂಜೆ ಎಲ್ಲರೂ ದೇವರ ಪಟದ ಮುಂದೆ ಕೂತು ತೇರ್ಸ್, ಅಂದರೆ ಜಪಮಾಲೆ, ಹೇಳುತ್ತಾರೆ. ಮಣಿ ಮುಗಿದ ಮೇಲೆ ಮನೆಯಿಂದ ಹೋದವರಿಗಾಗಿ ಒಂದು ಪ್ರಾರ್ಥನೆ. ನಂತರ ಚಿಕ್ಕವರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ಹೋದವರು, ಇದ್ದವರು, ಈಗಷ್ಟೇ ಮಾತು ಕಲಿತ ಕೂಸು, ಎಲ್ಲರೂ ಅದೇ ಅರ್ಧ ಗಂಟೆಯೊಳಗೆ. ಮುತ್ತಜ್ಜಿಯನ್ನು ಕಾಣದ ಮಗುವಿಗೂ ಆಕೆಯ ಹೆಸರು ಬಾಯಿಗೆ ಬರುವುದು ಹೀಗೆ. ನಡುವೆ ತೂಕಡಿಸುವುದು, ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದು ಇದ್ದದ್ದೇ.

2020ರಲ್ಲಿ ಕೊರೊನಾ ಈ ಕಟ್ಟನ್ನೂ ಅಲುಗಾಡಿಸಿತು. ಸ್ಮಶಾನದಲ್ಲಿ ಜನ ಸೇರಬಾರದೆಂದು, ನವೆಂಬರಿನ ಮೊದಲ ಎಂಟು ದಿನ ಸ್ಮಶಾನಕ್ಕೆ ಹೋಗಿ ಪ್ರಾರ್ಥಿಸಿದರೆ ಸಿಗುವ ದಂಡವಿಮೋಚನೆಯನ್ನು ವ್ಯಾಟಿಕನ್ ಇಡೀ ತಿಂಗಳಿಗೆ ಹಂಚಿತು. ಹೊರಗೆ ಹೋಗಲಾಗದವರು ಮನೆಯಿಂದಲೇ ಪ್ರಾರ್ಥಿಸಬಹುದು ಎಂದೂ ಹೇಳಿತು. ಐನೂರು ವರ್ಷದ ಹಿಂದೆ ಜಗಳ ಹೊತ್ತಿಸಿದ್ದು ಇದೇ ದಂಡವಿಮೋಚನೆ. ಈಗ ಅದಕ್ಕೆ ಹಣವಿಲ್ಲ.

ಇಷ್ಟಾದರೂ ಎರಡೂ ಚರ್ಚುಗಳ ವಿಶ್ವಾಸ ಪ್ರಮಾಣದಲ್ಲಿ ಸಂತರ ಅನ್ಯೋನ್ಯತೆಯನ್ನು, ಅಂದರೆ ಇದ್ದವರ, ಹೋದವರ ನಡುವಿನ ನಂಟನ್ನು, ನಂಬುತ್ತೇವೆ ಎಂಬ ಅರ್ಥದ ಸಾಲು ಹಾಗೇ ಉಳಿದಿದೆ. ಸಾವು ಆ ನಂಟನ್ನು ಕಡಿಯುವುದಿಲ್ಲ ಎಂಬಲ್ಲಿ ಇಬ್ಬರೂ ಒಂದೇ. ಆಚೆ ಇರುವವರಿಗೆ ನಮ್ಮ ಬೇಡಿಕೆಯ ಅಗತ್ಯ ಇದೆಯೇ ಎಂಬಲ್ಲಿ ಮಾತ್ರ ದಾರಿ ಬೇರೆ.

ಈಗ ತೇರ್ಸ್ ಫೋನಿಗೂ ಬಂದಿದೆ. ಊರಲ್ಲಿ ಏಳೂವರೆ ಆದಾಗ ಕುವೈತಿನಲ್ಲಿ ಐದು ಗಂಟೆ, ಮಗ ಇನ್ನೂ ಕೆಲಸದಲ್ಲಿ. ಹಾಗಾಗಿ ಶುಕ್ರವಾರ, ಅವನ ರಜೆಯ ದಿನ, ಅಮ್ಮ ಫೋನನ್ನು ದೇವರ ಪಟಕ್ಕೆ ಒರಗಿಸಿ ಇಡುತ್ತಾಳೆ.