ಓದುಗರ ಪ್ರಶ್ನೆ: ಅಟ್ಲಾಂಟಿಸ್ ಕಟ್ಟಿದವರಿಗೆ ನಿಜವಾಗ್ಲೂ ಅತಿಮಾನುಷ ಶಕ್ತಿ ಇತ್ತಾ?

ಪ್ರಶ್ನೆ: ಮೇಡಂ, ಅಟ್ಲಾಂಟಿಸ್ ಜನ ದೇವರ ಮಕ್ಕಳಂತೆ, ಅವರಿಗೆ ಸ್ಫಟಿಕದಿಂದ ಕರೆಂಟ್ ತೆಗೆಯೋ ವಿದ್ಯೆ, ಹಾರೋ ಯಂತ್ರ, ಬಾಯಿ ಬಿಡದೆ ಮನಸ್ಸಲ್ಲೇ ಮಾತಾಡೋ ಶಕ್ತಿ ಎಲ್ಲಾ ಇತ್ತಂತೆ, ಇದನ್ನ ಪ್ಲೇಟೋನೇ ಬರೆದಿಟ್ಟಿದ್ದಾನಂತೆ. ಹಾಗಾದ್ರೆ ಆ ದ್ವೀಪ ಈಗ ಎಲ್ಲಿದೆ?

ಈ ಪ್ರಶ್ನೆಗೆ ಎರಡೆರಡು ಸಾಲಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಎರಡು ಸಾಲಲ್ಲಿ ಹೇಳಿದ್ರೆ ಯಾರೂ ಒಪ್ಪಲ್ಲ, ಇನ್ನೊಂದು ವಿಡಿಯೋ ಕಳಿಸಿ "ಇದನ್ನ ನೋಡಿ ಆಮೇಲೆ ಹೇಳಿ" ಅಂತಾರೆ. ನೋಡಿದೀನಿ, ಎಲ್ಲಾನೂ ನೋಡಿದೀನಿ. ಅದಕ್ಕೇ ಈ ಸಲ ಕೂತು ಉದ್ದಕ್ಕೆ ಬರೀತಿದೀನಿ, ಇನ್ಮೇಲೆ ಯಾರೇ ಕೇಳಿದ್ರೂ ಇದನ್ನೇ ಕೊಡ್ತೀನಿ.

ದ್ವೀಪ ಎಲ್ಲೂ ಇಲ್ಲ, ಯಾವತ್ತೂ ಇರ್ಲಿಲ್ಲ. ಅದು ಸಮುದ್ರದಲ್ಲಿ ಮುಳುಗಿಹೋದ ದ್ವೀಪದ ಒಂದು ಕಥೆ, ಬರೆದವನು ಗ್ರೀಕ್ ತತ್ವಜ್ಞಾನಿ ಪ್ಲೇಟೋ, ಕ್ರಿ.ಪೂ. 360ರ ಆಸುಪಾಸಲ್ಲಿ. ಇಷ್ಟಕ್ಕೇ ಮುಗಿಸಬಹುದಿತ್ತು, ಆದ್ರೆ ನಂಗೆ ನಿಜವಾಗಿ ಬೇಜಾರಾಗೋದು "ಎಲ್ಲಿದೆ" ಅನ್ನೋ ಮಾತಿಗಲ್ಲ, "ಪ್ಲೇಟೋನೇ ಬರೆದಿದ್ದಾನಂತೆ" ಅನ್ನೋದರ ಕೊನೇಲಿರೋ ಆ "ಅಂತೆ"ಗೆ. ಅಟ್ಲಾಂಟಿಸ್ ಬಗ್ಗೆ ಇರೋ ಮೂಲ ಅಂದ್ರೆ ಅವನ ಎರಡೇ ಎರಡು ಸಂವಾದಗಳು, ಟಿಮೇಯಸ್‌ನ ಶುರುವಲ್ಲಿ ಕೆಲವು ಪುಟ, ಆಮೇಲೆ ಕ್ರಿಟಿಯಾಸ್. ಈ ಕ್ರಿಟಿಯಾಸ್ ಎಷ್ಟು ಚಿಕ್ಕದು ಅಂದ್ರೆ ಒಂದು ಸಂಜೆ ಕೂತ್ರೆ ಓದಿ ಮುಗಿಸಬಹುದು. ನಾನು ಪಾಠ ಹೇಳೋ ಹುಡುಗರಿಗೆ ಮೊದಲು ಅದನ್ನೇ ಓದಿಸ್ತೀನಿ, ಓದಿ ಬಂದವರು ಯಾರೂ ಆಮೇಲೆ ಸ್ಫಟಿಕದ ಮಾತೆತ್ತಿಲ್ಲ, ಅದನ್ನ ಹೆಮ್ಮೆಯಿಂದ ಹೇಳ್ತೀನಿ.

ಈಗ ಆ ಪುಸ್ತಕದಲ್ಲಿ ಏನಿದೆ ನೋಡೋಣ. ದೇವರ ಮಕ್ಕಳು ಅನ್ನೋದು ಸರಿ, ಅಂದ್ರೆ ಕಥೆ ಒಳಗೆ ಸರಿ. ದೇವತೆಗಳು ಭೂಮಿ ಹಂಚ್ಕೊಂಡಾಗ ಸಮುದ್ರದ ದೇವರು ಪೊಸೈಡನ್‌ಗೆ ಆ ದ್ವೀಪ ಪಾಲಿಗೆ ಬರುತ್ತೆ. ಅಲ್ಲೊಂದು ಸಣ್ಣ ಗುಡ್ಡದ ಮೇಲೆ ಗಂಡ ಹೆಂಡತಿ, ಅವರಿಗೊಬ್ಬಳೇ ಮಗಳು, ಕ್ಲೀಟೋ ಅಂತ. ಅಪ್ಪ ಅಮ್ಮ ತೀರ್ಕೊಂಡ ಮೇಲೆ ಪೊಸೈಡನ್ ಅವಳನ್ನ ಕೂಡ್ತಾನೆ, ಅವಳಿರೋ ಗುಡ್ಡಕ್ಕೆ ಯಾರೂ ಕಾಲಿಡಬಾರದು ಅಂತ ಸುತ್ತ ಒಂದರಾಚೆ ಒಂದು ಮೂರು ನೀರಿನ ಬಳೆ, ಎರಡು ನೆಲದ ಬಳೆ ಕೊರೀತಾನೆ, ಒಂದು ಬಿಸಿನೀರಿನ ಬುಗ್ಗೆ ಒಂದು ತಣ್ಣೀರಿನ ಬುಗ್ಗೆ ಉಕ್ಕಿಸ್ತಾನೆ. ಐದು ಸಲ ಅವಳಿ ಗಂಡು ಮಕ್ಕಳು, ಒಟ್ಟು ಹತ್ತು ಜನ. ಹಿರಿಯವನು ಅಟ್ಲಾಸ್, ಅವನ ಹೆಸರೇ ದ್ವೀಪಕ್ಕೂ ಸಮುದ್ರಕ್ಕೂ ಬಂತು ಅಂತ ಕಥೆ. ಹತ್ತು ಜನಕ್ಕೂ ಒಂದೊಂದು ರಾಜ್ಯ. ಗಮನಿಸಿ, ಇಲ್ಲಿ ಮನುಷ್ಯರ ಕೈಲಾಗದ ಕೆಲಸ ಮಾಡಿದ್ದು ಪೊಸೈಡನ್ ಒಬ್ಬನೇ. ಅದಾದ ಮೇಲೆ ಆ ಬಳೆಗಳಿಗೆ ಸೇತುವೆ ಹಾಕಿದ್ದು, ಸಮುದ್ರದಿಂದ ಕಾಲುವೆ ತೋಡಿದ್ದು, ಬಿಳಿ ಕಪ್ಪು ಕೆಂಪು ಕಲ್ಲು ಒಡೆದು ಗೋಡೆ ಕಟ್ಟಿದ್ದು ಎಲ್ಲಾ ಮಕ್ಕಳು ಮೊಮ್ಮಕ್ಕಳು, ತಲೆಮಾರುಗಟ್ಟಲೆ ದುಡಿದು.

ಹಾಗಾದ್ರೆ ಆ ಮಕ್ಕಳಿಗೆ ಅಪ್ಪನಿಂದ ಬಂದಿದ್ದೇನು? ಅದನ್ನೂ ಪ್ಲೇಟೋ ಬರೆದಿದ್ದಾನೆ, ಕ್ರಿಟಿಯಾಸ್‌ನ ಕೊನೇ ಪುಟದಲ್ಲಿದೆ, ಯಾವ ವಿಡಿಯೋದವರೂ ಅಲ್ಲೀವರೆಗೆ ಹೋಗಲ್ಲ. ಅವರಲ್ಲಿ ದೇವರ ಅಂಶ ಇರೋವರೆಗೂ ಬಂಗಾರ ಅನ್ನೋದು ಅವರಿಗೆ ಹೊರೆ ಥರ ಕಾಣ್ತಿತ್ತು, ಆಸ್ತಿಪಾಸ್ತಿ ತಲೆಗೇರ್ತಿರ್ಲಿಲ್ಲ, ಒಬ್ಬರಿಗೊಬ್ಬರು ಮೆತ್ತಗೆ ವಿವೇಕದಿಂದ ನಡ್ಕೊಳ್ತಿದ್ರು. ಅಷ್ಟೇ. ಪ್ಲೇಟೋ ಅವರಿಗೆ ಕೊಟ್ಟ ದೈವೀ ಶಕ್ತಿ ಅಂದ್ರೆ ಇಷ್ಟೇ, ದುಡ್ಡಿನ ರಾಶಿ ಮೇಲೆ ಕೂತೂ ದುಡ್ಡಿಗೆ ಸೋಲದೆ ಇರೋದು. ಹಾರೋದಿಲ್ಲ, ಮನಸ್ಸು ಓದೋದಿಲ್ಲ. ಆಮೇಲೆ ಮನುಷ್ಯರ ಜೊತೆ ಬೆರೆತು ಬೆರೆತು ಆ ಅಂಶ ತೆಳುವಾಗುತ್ತೆ, ದುರಾಸೆ ಶುರುವಾಗುತ್ತೆ, ಕಣ್ಣಿದ್ದವರಿಗೆ ಅವರು ಕೆಟ್ಟುಹೋಗಿದ್ದು ಕಾಣುತ್ತೆ, ನಿಜವಾದ ಸುಖ ಯಾವುದು ಅಂತ ಗೊತ್ತಿಲ್ಲದವರಿಗೆ ಮಾತ್ರ ಅವರು ಅದೇ ಹೊತ್ತಲ್ಲಿ ಭಾರೀ ವೈಭವದಲ್ಲಿದ್ದಂಗೆ ಕಾಣುತ್ತೆ. ಆ ಸಾಲನ್ನ ದಯವಿಟ್ಟು ಎರಡು ಸಲ ಓದಿ. ಅಟ್ಲಾಂಟಿಸ್ ಎಂಥಾ ಅದ್ಭುತ ನಾಗರಿಕತೆ ಅಂತ ಇವತ್ತು ಕೊಂಡಾಡೋರ ಬಗ್ಗೆ ಅವನು ಆಗ್ಲೇ ಬರೆದುಬಿಟ್ಟಿದ್ದಾನೆ.

"ಆದ್ರೆ ಟೆಕ್ನಾಲಜಿ ಇತ್ತಲ್ವಾ ಮೇಡಂ, ಒರಿಕಾಲ್ಕಂ ಅನ್ನೋ ಲೋಹದಿಂದ ಪವರ್ ಬರ್ತಿತ್ತಂತಲ್ಲ" ಅಂತ ಮುಂದಿನ ಪ್ರಶ್ನೆ ಬರುತ್ತೆ, ಯಾವಾಗ್ಲೂ ಬರುತ್ತೆ. ಒರಿಕಾಲ್ಕಂ ಪುಸ್ತಕದಲ್ಲಿದೆ. ಬೆಂಕಿ ಥರ ಹೊಳೀತಿತ್ತು, ಬೆಲೇಲಿ ಬಂಗಾರ ಬಿಟ್ರೆ ಅದೇ, ಒಳಕೋಟೆ ಗೋಡೆಗೆ ಅದರ ಹೊದಿಕೆ, ದೇವಸ್ಥಾನದಲ್ಲಿ ಕಾನೂನು ಕೆತ್ತಿದ ಕಂಬ ಅದರದ್ದು. ಅಂದ್ರೆ ತಗಡು ಮತ್ತು ಕಂಬ. ಅದರಿಂದ ಯಾವುದೂ ಓಡಲ್ಲ, ಹಾರಲ್ಲ, ಉರಿಯಲ್ಲ.

ಅವರ ಸೈನ್ಯ ನೋಡಿ, ಅಲ್ಲಿ ಪ್ಲೇಟೋ ಲೆಕ್ಕಾನೇ ಕೊಟ್ಟಿದ್ದಾನೆ, ನಂಗೆ ಇಡೀ ಪುಸ್ತಕದಲ್ಲಿ ಅತೀ ಇಷ್ಟದ ಜಾಗ ಇದು, ಪೆನ್ನು ತಗೊಂಡು ಕೂತ್ಕೊಳ್ಳಿ. ದ್ವೀಪದ ಬಯಲು 3000 ಸ್ಟೇಡಿಯಾ ಉದ್ದ, 2000 ಸ್ಟೇಡಿಯಾ ಅಗಲ (ಸ್ಟೇಡಿಯಾ ಅಂದ್ರೆ ಗ್ರೀಕರು ದೂರ ಅಳೆಯೋ ಲೆಕ್ಕ, ಒಂದಕ್ಕೆ ಸುಮಾರು 185 ಮೀಟರ್). ಅದರ ಸುತ್ತ ಕಂದಕ 10,000 ಸ್ಟೇಡಿಯಾ, ಕೂಡಿಸಿ ನೋಡಿ, ನಾಲ್ಕೂ ಬದಿ ಸೇರಿದ್ರೆ ಸರಿಯಾಗಿ ಅಷ್ಟೇ. ಬಯಲನ್ನ ಹತ್ತು ಸ್ಟೇಡಿಯಾ ಉದ್ದ ಹತ್ತು ಅಗಲದ ಚೌಕ ಮಾಡಿದ್ರೆ 60,000 ತುಂಡು, ಅವನು ಹೇಳೋದೂ 60,000. ಒಂದೊಂದು ತುಂಡಿನ ಮುಖಂಡ ಒಂದು ಯುದ್ಧರಥದ ಆರನೇ ಒಂದು ಪಾಲು ಕೊಡಬೇಕು, ಒಟ್ಟು 10,000 ರಥ. ನಾಲ್ಕು ಜನ ನಾವಿಕರನ್ನೂ ಕೊಡಬೇಕು, ಅಂದ್ರೆ 2,40,000 ಜನ, ಹಡಗು 1200. ಭಾಗಿಸಿ. ಒಂದು ಹಡಗಿಗೆ 200 ಜನ. ಪ್ಲೇಟೋ ಕಾಲದ ಅಥೆನ್ಸ್‌ನ ಯುದ್ಧದ ಹಡಗು, ಮೂರು ಸಾಲು ಹುಟ್ಟಿನ ಟ್ರೈರೀಮ್, ಅದರಲ್ಲಿ ಇರ್ತಿದ್ದವರು ಎಷ್ಟು ಗೊತ್ತಾ? ಹುಟ್ಟು ಹಾಕೋರು 170, ಮಿಕ್ಕವರು 30, ಒಟ್ಟು 200. ಅವನು ತನ್ನ ಊರಿನ ಬಂದರಲ್ಲಿ ಕಣ್ಣಾರೆ ಕಂಡ ಹಡಗನ್ನೇ 1200 ಮಾಡಿ ಅಟ್ಲಾಂಟಿಸ್‌ಗೆ ಕೊಟ್ಟಿದ್ದಾನೆ, ಅದಕ್ಕಿಂತ ಮುಂದುವರಿದ ಒಂದೇ ಒಂದು ಯಂತ್ರ ಅಲ್ಲಿಲ್ಲ. ಬಿಲ್ಲು, ಈಟಿ, ಕವಣೆ, ಕುದುರೆ, ಹುಟ್ಟು. ನಿಜವಾದ ದೇಶದ ಅಳತೆ ಹೀಗೆ ಒಂದು ಶೇಷ ಉಳೀದೆ ಭಾಗ ಹೋಗಲ್ಲ ಸ್ವಾಮಿ, ಕೂತು ಬರೆದ ದೇಶದ್ದು ಹೋಗುತ್ತೆ.

ಮತ್ತೆ ಈ ಸ್ಫಟಿಕ, ವಿಮಾನ ಎಲ್ಲಿಂದ ಬಂತು? ತೀರಾ ಇತ್ತೀಚೆಗೆ. 1882ರಲ್ಲಿ ಅಮೆರಿಕದ ರಾಜಕಾರಣಿ ಇಗ್ನೇಷಿಯಸ್ ಡಾನೆಲಿ ಅಟ್ಲಾಂಟಿಸ್ ನಿಜ, ಲೋಕದ ಎಲ್ಲಾ ನಾಗರಿಕತೆಗೂ ಅದೇ ತವರು, ಗ್ರೀಕರ ದೇವರುಗಳೆಲ್ಲ ಅಲ್ಲಿನ ರಾಜರಾಣಿಯರು ಅಂತ ಒಂದು ಪುಸ್ತಕ ಬರೆದ, ಸಿಕ್ಕಾಪಟ್ಟೆ ಓಡ್ತು. 1888ರಲ್ಲಿ ಥಿಯಾಸಫಿ ಅನ್ನೋ ಗೂಢವಿದ್ಯೆಯ ಪಂಥದ ಬ್ಲಾವಟ್ಸ್ಕಿ ಅಟ್ಲಾಂಟಿಸ್‌ನವರನ್ನ ಮನುಷ್ಯಕುಲದ ನಾಲ್ಕನೇ ಮೂಲಜನಾಂಗ ಮಾಡಿದ್ರು, 1896ರಲ್ಲಿ ಅದೇ ಗುಂಪಿನ ಸ್ಕಾಟ್-ಎಲಿಯಟ್ ಹಾರೋ ಹಡಗು ಸೇರಿಸಿದ್ರು. ಆಮೇಲೆ ಎಡ್ಗರ್ ಕೇಸಿ ಅಂತ ಇನ್ನೊಬ್ಬ ಅಮೆರಿಕದವರು, 1945ರಲ್ಲಿ ತೀರ್ಕೊಂಡ್ರು, ನಿದ್ದೆ ಥರದ ಸ್ಥಿತಿಗೆ ಹೋಗಿ ಮಾತಾಡ್ತಾ ಇದ್ದವರು, ನೀವು ಕೇಳಿರೋ ಶಕ್ತಿ ಕೊಡೋ ಸ್ಫಟಿಕ ಅವರ ಬಾಯಿಂದ ಬಂದಿದ್ದು. ಅಂದ್ರೆ ಪ್ಲೇಟೋ ಸತ್ತು 2200 ವರ್ಷ ಆದ್ಮೇಲೆ ಕಥೆಗೆ ಒಬ್ಬೊಬ್ಬರೂ ಒಂದೊಂದು ರೆಕ್ಕೆಪುಕ್ಕ ಕಟ್ಟಿದ್ರು, ಈಗ ಆ ಪುಕ್ಕಾನೆಲ್ಲ ಅವನ ಹೆಸರಿಗೇ ಬರೀತಿದಾರೆ. ಅವನಿಗೆ ಮಾಡೋ ಅನ್ಯಾಯ ಇದು.

ಇದೇ ಅಟ್ಲಾಂಟಿಸ್ ಅಂತ ಸಹಾರಾ ಮರುಭೂಮಿಯ ಫೋಟೋ ಕಳಿಸೋರಿಗೂ ಇಲ್ಲೇ ಹೇಳಿಬಿಡ್ತೀನಿ. ಮಾರಿಟೇನಿಯಾ ದೇಶದ ರಿಷಾಟ್, ಮೇಲಿಂದ ನೋಡಿದ್ರೆ ಉಂಗುರ ಉಂಗುರವಾಗಿ ಕಣ್ಣಿನ ಥರ ಕಾಣುತ್ತೆ, ನಿಜ, ಚೆನ್ನಾಗಿದೆ. ಪ್ಲೇಟೋ ಉಂಗುರದ ಅಳತೆ ಕೊಟ್ಟಿದ್ದಾನೆ, ನಡುವಿನ ದ್ವೀಪ ಐದು ಸ್ಟೇಡಿಯಾ, ಬಳೆಗಳು ಒಂದು, ಎರಡು, ಎರಡು, ಮೂರು, ಮೂರು. ಈ ಕಡೆಯಿಂದ ಆ ಕಡೆಗೆ 27 ಸ್ಟೇಡಿಯಾ, ಹೆಚ್ಚುಕಮ್ಮಿ ಐದು ಕಿಲೋಮೀಟರ್. ರಿಷಾಟ್ ಸುಮಾರು 40 ಕಿಲೋಮೀಟರ್. ಅದು ಭೂಮಿ ಒಳಗಿನ ಶಿಲಾರಸ ಮೇಲಕ್ಕೆ ಒತ್ತಿ ಗುಮ್ಮಟದಂತೆ ಉಬ್ಬಿದ ಬಂಡೆ, ಮೇಲಿನ ಪದರ ಸವೆದು ಗಟ್ಟಿ ಪದರಗಳು ಏಣು ಏಣಾಗಿ ಉಳಿದಿವೆ. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗೆ, ನೂರಾರು ಮೀಟರ್ ಎತ್ತರದಲ್ಲಿದೆ, ಪ್ಲೇಟೋ ಕಥೆಗೆ ಕೊಡೋ ಕಾಲದಲ್ಲಿ, ಅಂದ್ರೆ ಹಿಮಯುಗ ಮುಗಿಯೋ ಹೊತ್ತಲ್ಲಿ, ಸಮುದ್ರ ಈಗಿನದಕ್ಕಿಂತ ಇನ್ನೂ ಕೆಳಗಿತ್ತು. ಮುಳುಗೋಕೆ ನೀರೇ ಇಲ್ಲ.

ಅಟ್ಲಾಂಟಿಕ್ ತಳದಲ್ಲೂ ಇಲ್ಲ. ಆ ತಳದ ನಕ್ಷೆ 1950ರ ದಶಕದಿಂದ ಮೇರಿ ಥಾರ್ಪ್, ಬ್ರೂಸ್ ಹೀಜನ್ ಥರದವರು ಬಿಡಿಸ್ತಾ ಬಂದ್ರು, ನಡುವೆ ಉದ್ದಕ್ಕೆ ಬೆಟ್ಟದ ಸಾಲು, ಅಲ್ಲಿ ಹೊಸ ತಳ ಹುಟ್ಟಿ ಎರಡೂ ಬದಿಗೆ ಸರೀತಿದೆ, ಮುಳುಗಿದ ಖಂಡಕ್ಕೆ ಅಲ್ಲಿ ಜಾಗವೇ ಇಲ್ಲ.

ಕೊನೇದಾಗಿ ಒಂದು ವಾದ ಉಳಿಯುತ್ತೆ, "ಇದು ಸತ್ಯಕಥೆ ಅಂತ ಪ್ಲೇಟೋನೇ ಹೇಳ್ತಾನಲ್ಲ". ಪ್ಲೇಟೋ ಹೇಳಲ್ಲ, ಅವನ ಪಾತ್ರ ಹೇಳುತ್ತೆ. ಕ್ರಿಟಿಯಾಸ್ ಅನ್ನೋನು ಹತ್ತು ವರ್ಷದ ಹುಡುಗ ಆಗಿದ್ದಾಗ ತೊಂಬತ್ತು ವರ್ಷದ ತಾತನಿಂದ ಕೇಳಿದ್ದು, ತಾತ ಅಥೆನ್ಸ್‌ಗೆ ಕಾನೂನು ಬರೆದ ಸೋಲೋನ್‌ನಿಂದ, ಸೋಲೋನ್ ಈಜಿಪ್ಟಿನ ಸಾಯಿಸ್ ಊರಿನ ಪುರೋಹಿತರಿಂದ. ಅದೇ ಸಾಯಿಸ್‌ನ ದೇವಸ್ಥಾನದ ಲೆಕ್ಕದವನ ಜೊತೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಪ್ಲೇಟೋಗಿಂತ ಮೊದಲೇ ಮಾತಾಡಿದ್ದ, ಸಿಕ್ಕಿದ್ದೆಲ್ಲ ಬರ್ಕೊಳ್ಳೋ ಮನುಷ್ಯ ಅವನು, ಮುಳುಗಿದ ದ್ವೀಪದ ಒಂದಕ್ಷರ ಬರೆದಿಲ್ಲ. ಹಾಗಂತ ಪ್ಲೇಟೋ ಎಲ್ಲಾನೂ ಗಾಳಿಯಿಂದ ಹಿಡಿದ ಅಂತಲ್ಲ. ಕ್ರಿ.ಪೂ. 373ರಲ್ಲಿ, ಅವನಿಗೆ ಐವತ್ತು ದಾಟಿದಾಗ, ಗ್ರೀಸ್‌ನಲ್ಲೇ ಹೆಲಿಕೆ ಅನ್ನೋ ಪಟ್ಟಣ ಭೂಕಂಪ ಆಗಿ ಒಂದೇ ರಾತ್ರೀಲಿ ನೀರಿನ ಪಾಲಾಯ್ತು, ಅದು ಪೊಸೈಡನ್ ಪೂಜೆಗೆ ಹೆಸರಾದ ಊರು. ಆ ಸುದ್ದಿ ಅವನ ಕಿವಿಗೆ ಬೀಳದೆ ಇರೋಕೆ ಸಾಧ್ಯಾನೇ ಇಲ್ಲ.

ಇನ್ನು ಯಾರೂ ಕೇಳದೆ ಇರೋ ಒಂದು ವಿಷಯ, ನಾನೇ ಹೇಳ್ತೀನಿ. ಆ ಕಥೇಲಿ ಎರಡು ದೇಶ ಇದೆ. ಅಟ್ಲಾಂಟಿಸ್ ದಂಡೆತ್ತಿ ಬರೋ ದೇಶ, ಸೋಲೋ ದೇಶ. ಗೆಲ್ಲೋದು ಸೋಲೋನ್ ಕಾಲಕ್ಕಿಂತ 9000 ವರ್ಷ ಹಿಂದಿನ ಅಥೆನ್ಸ್ ಅಂತೆ, ಸಣ್ಣ ಊರು, ಯುದ್ಧಕ್ಕೆ ಬರೋ ವಯಸ್ಸಿನ ಗಂಡಸರು ಹೆಂಗಸರು ಸೇರಿ ಸುಮಾರು 20,000, ಕಾಯೋ ಜನ ಬಂಗಾರ ಬೆಳ್ಳಿ ಮುಟ್ಟಲ್ಲ. ಅಟ್ಲಾಂಟಿಸ್ ಇತ್ತು ಅನ್ನೋರು ಈ ಅಥೆನ್ಸೂ ಇತ್ತು ಅನ್ನಬೇಕಲ್ವಾ? ಅದನ್ನ ಹುಡುಕೋಕೆ ಒಬ್ಬರೂ ಹೋಗಲ್ಲ. ಕಥೆ ಹೇಳಿದ್ದೇ ಆ ಊರಿಗೋಸ್ಕರ, ಈ ದ್ವೀಪ ಅದರ ಎದುರಾಳಿ ಆಗೋಕೆ ಹುಟ್ಟಿದ್ದು. ಯುದ್ಧದ ವರ್ಣನೆ ಕೂಡ ನಮಗೆ ಸಿಗಲ್ಲ, ಜೀಯಸ್ ದೇವತೆಗಳನ್ನೆಲ್ಲ ಸೇರಿಸಿ ಮಾತಾಡೋಕೆ ಬಾಯಿ ತೆಗೀತಾನೆ, "ಹೀಗೆಂದನು" ಅನ್ನೋ ಕಡೆ ಪುಸ್ತಕ ನಿಂತುಹೋಗಿದೆ, ವಾಕ್ಯ ಅರ್ಧಕ್ಕೇ.

ಆದ್ರೆ ಅದೇ ಪುಸ್ತಕದ ಮಧ್ಯೆ ಕೆಲವು ಸಾಲು ಇದೆ, ಮಣ್ಣಿನ ಸವೆತದ ಬಗ್ಗೆ ಬರೆಯೋರು ಇವತ್ತಿಗೂ ಅದನ್ನ ಎತ್ತಿ ಹೇಳ್ತಾರೆ. ಅಲ್ಲಿ ಪ್ಲೇಟೋ ತನ್ನ ಕಾಲದ ಅಥೆನ್ಸ್ ಸುತ್ತಲಿನ ನಾಡನ್ನ ತೋರಿಸ್ತಾನೆ. ಕಾಯಿಲೆ ಬಿದ್ದವರ ಮೈಯಲ್ಲಿ ಮಾಂಸ ಕರಗಿ ಮೂಳೆ ಉಳಿದ ಹಾಗೆ ನಮ್ಮ ನೆಲ ಆಗಿದೆ, ಮೆತ್ತಗಿದ್ದ ಕೊಬ್ಬಿದ ಮಣ್ಣೆಲ್ಲ ಮಳೆಗೆ ಕೊಚ್ಚಿ ಸಮುದ್ರದ ಆಳಕ್ಕೆ ಹೋಯ್ತು, ಅಂತಾನೆ. ಮುಳುಗಿದ್ದು ನೋಡಬೇಕಾ, ಇದು ಮುಳುಗಿದ್ದು, ಇದಕ್ಕೆ ಯಾರ ತಾತನ ಸಾಕ್ಷಿಯೂ ಬೇಡ, ಅವನ ಓದುಗರು ಮನೆಯಿಂದ ಆಚೆ ಬಂದ್ರೆ ಕಾಣ್ತಿತ್ತು. ಜೇನಿಗೆ ಬಿಟ್ರೆ ಇನ್ಯಾರಿಗೂ ಹೊಟ್ಟೆಗೆ ಸಿಗದ ಬೋಳು ಬೆಟ್ಟ ತೋರಿಸಿ, ಇಲ್ಲೇ ಕಡಿದ ಮರದ ತೊಲೆ ದೊಡ್ಡ ಕಟ್ಟಡಗಳ ಸೂರಲ್ಲಿ ಇನ್ನೂ ಗಟ್ಟಿಯಾಗಿದೆ, ಹೋಗಿ ನೋಡಿ ಅನ್ನೋ ಹಾಗೆ ಬರೀತಾನೆ. ಹಿಂದೆ ಮಳೆನೀರು ಇಂಗಿ ಎಲ್ಲಾ ಕಡೆ ಬುಗ್ಗೆ ಇತ್ತು, ಬುಗ್ಗೆ ಇದ್ದಲ್ಲೆಲ್ಲ ಗುಡಿ ಕಟ್ಟಿದ್ರು, ಈಗ ನೀರಿಲ್ಲ, ಗುಡಿಗಳು ಮಾತ್ರ ಹಾಗೇ ನಿಂತಿವೆ ಅಂತಾನೆ.